ರೋಣದ ಟೈಪಿಂಗ್ ಶಾಲೆಯ ಕಂಪ್ಯೂಟರ್

೨೦೦೪ರ ಜುಲೈ ೧೪, ಬುಧವಾರ. ಬೆಳಿಗ್ಗೆ ಹತ್ತು ಇಪ್ಪತ್ತಕ್ಕೆ ಅಯಾಜ ರೋಣದ ಪೊಲೀಸ್ ಠಾಣೆಗೆ ಬಂದು ದೂರು ಕೊಟ್ಟ. ತಂದೆ ಕಾಶೀಂಸಾಬರು ನಡೆಸುತ್ತಿದ್ದ ಟೈಪಿಂಗ್ ಶಾಲೆಯನ್ನು ಅವನು ಈಚೆಗೆ ಕಂಪ್ಯೂಟರ್ ತರಬೇತಿ ಕೇಂದ್ರ ಮಾಡಿದ್ದ.

“ಯಾರೋ ಪಾಸ್‌ವರ್ಡ್ ಬದಲಿ ಮಾಡ್ಯಾರ್ರಿ. ನಿನ್ನಿ ಮುಂಜಾನಿಂದ ಕಂಪ್ಯೂಟರ್ ತೆರೀವಲ್ದು.”

“ಒಳಗೇನೈತಿ?” ಸಬ್ ಇನ್‌ಸ್ಪೆಕ್ಟರ್ ಶಿವನಪ್ಪ ಕೇಳಿದರು.

“ಅರವತ್ತೆರಡು ಹುಡುಗರ ಪರೀಕ್ಷಾ ಅರ್ಜಿ. ಅಬ್ಬಿಗೇರಿ, ಸವಡಿ ಕಡೆಯವರು. ನಾಳೆ ಸಂಜಿ ಐದರೊಳಗ ಅವುಗಳ ಫ್ಲಾಪಿ ಗದಗಿನ ಪರೀಕ್ಷಾ ಆಫೀಸಿಗೆ ಮುಟ್ಟಬೇಕು. ಇಲ್ಲಂದ್ರ ಅವರದೊಂದು ವರ್ಷ ಹೋತ್ರಿ. ರಿಪೇರಿಯವ ಫಾರ್ಮ್ಯಾಟ್ ಮಾಡೂಣಂತಾನ. ಮಾಡಿದ್ರ ಎಲ್ಲಾ ಅಳಿಸಿ ಹೋಗತೈತಿ.”

ಎಫ್‌ಐಆರ್ ದಾಖಲಾಯಿತು. ಹನ್ನೊಂದೂಕಾಲಿಗೆ ಶಿವನಪ್ಪ, ಕಾನ್‌ಸ್ಟೇಬಲ್ ಮೆಹಬೂಬಸುಭಾನಿ ಸ್ಥಳಕ್ಕೆ ಬಂದರು. ಬೀಗ ಒಡೆದಿರಲಿಲ್ಲ. ಹಿಂದಿನ ಕೋಣೆಯಲ್ಲಿ ಹದಿನಾಲ್ಕು ಟೈಪ್‌ರೈಟರ್‌ಗಳನ್ನು ಪೇರಿಸಿಟ್ಟಿದ್ದರು. ರಿಬ್ಬನ್ನಿನ ಮಸಿಯ ವಾಸನೆ ಬಡಿದದ್ದೇ ಶಿವನಪ್ಪನವರು ಬಾಗಿಲಲ್ಲೇ ನಿಂತರು. ಹತ್ತೊಂಬತ್ತರ ವಯಸ್ಸಿನಲ್ಲಿ ನರಗುಂದದ ಇಂಥದೇ ಕೋಣೆಯಲ್ಲಿ ಅವರು ಟೈಪಿಂಗ್ ಕಲಿತಿದ್ದರು. ಕೈಮೇಲೆ ಕರವಸ್ತ್ರ ಹಾಸಿ, ಕೀ ನೋಡಿದರೆ ಗದರಿಸುತ್ತಿದ್ದ ಮಾಸ್ತರರು. ಸಾಲು ಮುಗಿದಾಗ ಒಂದರ ಹಿಂದೊಂದು ಟಿಣ್ಣೆನ್ನುತ್ತಿದ್ದ ಪುಟ್ಟ ಗಂಟೆಗಳು.

ಪಾಸ್‌ವರ್ಡ್ ಎಂದರೆ ಇಂಗ್ಲಿಷಿನಲ್ಲಿ ಅಯಾಜನ ಮಗಳು ಸಿಮ್ರಾನಳ ಹೆಸರು. ಕೇಂದ್ರದಲ್ಲಿ ಎಲ್ಲರಿಗೂ ಗೊತ್ತಿದ್ದದ್ದೇ. ಸುಭಾನಿ ಒಂದೇ ಬೆರಳಿನಲ್ಲಿ ಅಕ್ಷರ ಹುಡುಕಿ ಹುಡುಕಿ ಒತ್ತಿದ. ಪರದೆಯ ಮೇಲೆ ಬರೀ ಚುಕ್ಕೆ ಮೂಡಿದವು. ಮೂರು ಸಲವೂ ತಪ್ಪೆಂದಿತು.

“ಸರಿ, ನಾ ನೋಡ್ತೀನಿ.”

ಶಿವನಪ್ಪ ಕುಳಿತು, ರೂಢಿಯಂತೆ ನಡುಸಾಲಿನ ಮೇಲೆ ಬೆರಳಿಟ್ಟು, ಪರದೆಯನ್ನೇ ನೋಡುತ್ತ ಅದೇ ಹೆಸರು ಹೊಡೆದರು. ಕಂಪ್ಯೂಟರ್ ತೆರೆಯಿತು. ಅಯಾಜ ಬಾಯಿ ಬಿಟ್ಟು ನಿಂತ.

ಶಿವನಪ್ಪ ಆಗ ಕೆಳಗೆ ನೋಡಿದರು. ಎಂ ಅಕ್ಷರದ ಮುಚ್ಚಳ ಎನ್ ಜಾಗದಲ್ಲಿತ್ತು, ಎನ್‌ದು ಎಂ ಜಾಗದಲ್ಲಿ. ಕೀ ನೋಡಿ ಹೊಡೆದವರಿಗೆ ಹೆಸರಿನ ಎರಡಕ್ಷರ ಅದಲುಬದಲಾಗುತ್ತಿದ್ದವು. ಅಂಚಿನಲ್ಲಿ ಸ್ಕ್ರೂಡ್ರೈವರಿನ ಗೀರು. ನೆರೆಯ ಇಬ್ಬರು ಅಂಗಡಿಯವರ ಸಮಕ್ಷಮ ಪಂಚನಾಮೆ ಮಾಡಿ ಕೀಬೋರ್ಡ್ ಜಪ್ತಿ ಮಾಡಿದರು. ಅಯಾಜ ಬೇರೆ ಕೀಬೋರ್ಡ್ ತಂದು ಅರ್ಜಿಗಳನ್ನು ಫ್ಲಾಪಿಗೆ ಹಾಕಿ, ಮಧ್ಯಾಹ್ನದ ಬಸ್ಸಿಗೇ ಕಳಿಸಿದ.

“ಬಾಗಿಲದ ಕೀಲಿ ಇನ್ಯಾರ ಹತ್ರ ಐತಿ?”

“ಪ್ರಹ್ಲಾದ ಮಾಸ್ತರ ಹತ್ರ. ಇಪ್ಪತ್ತಾರು ವರ್ಷ ಇಲ್ಲೇ ಟೈಪಿಂಗ್ ಕಲಿಸ್ಯಾರ್ರಿ. ಶನಿವಾರ ಆ ಕ್ಲಾಸ್ ಬಂದ್ ಮಾಡೀನಿ. ಅವರು ಅಂಥವರಲ್ರಿ.”

ಮೂರು ಗಂಟೆಗೆ ಪೊಲೀಸರು ಅವರ ಮನೆಗೆ ಹೋದಾಗ ಮಾಸ್ತರರು ಇಸ್ತ್ರಿ ಮಾಡಿದ ಅಂಗಿ ತೊಟ್ಟು ಕಟ್ಟೆಯ ಮೇಲೆ ಕುಳಿತಿದ್ದರು. ಹೆಂಡತಿ ವೆಂಕೂಬಾಯಿ ಗಾಬರಿಯಿಂದ ಹೊರಬಂದರು.

“ನಿನ್ನಿ ಮುಂಜಾನೆ ಕೇಂದ್ರಕ್ಕ ಹೋಗಿದ್ರೇನ್ರಿ?”

“ಹೋಗಿದ್ನಿರಿ. ಎರಡು ಕೀ ಅದಲುಬದಲು ಮಾಡಿದ್ನಿ.”

“ಹುಡುಗರ ಅರ್ಜಿ ಅದರಾಗಿದ್ದದ್ದು ಗೊತ್ತಿತ್ತೇನು?”

ಮಾಸ್ತರರ ಮುಖ ಇಳಿದುಹೋಯಿತು. “ಖರೇ ಗೊತ್ತಿದ್ದಿಲ್ರಿ. ಅವು ಹೋದ್ವೇನ್ರಿ?”

“ಇಲ್ಲ, ಮಧ್ಯಾಹ್ನದ ಬಸ್ಸಿಗೆ ಗದಗಿಗೆ ಹೋದ್ವು.”

ನಾಲ್ಕು ಹತ್ತಕ್ಕೆ ಬಂಧನವಾಯಿತು. ಸಂಜೆ ಜಾಮೀನಿಗೆ ಸಹಿ ಹಾಕಲು ಅಯಾಜನ ತಂದೆ ಕಾಶೀಂಸಾಬರೇ ಬಂದರು. ಅಷ್ಟರಲ್ಲಿ ಶಿವನಪ್ಪ ಹೇಳಿಕೆ ಬರೆದುಕೊಂಡಿದ್ದರು. ಕೀ ನೋಡಿ ಹೊಡೆಯಲು ಯಾರಿಗಾದರೂ ಬರುತ್ತದೆ, ಅದಕ್ಕೆ ಮಾಸ್ತರು ಯಾಕೆ ಎಂದು ಅಯಾಜ ಶನಿವಾರ ಹುಡುಗರೆದುರು ಅಂದಿದ್ದ. ಯಾರಿಂದಲೂ ತೆರೆಯದ ಕಂಪ್ಯೂಟರನ್ನು ಅದೇ ಹುಡುಗರೆದುರು, ಕೀ ನೋಡದೆ, ತಾನು ತೆರೆದು ತೋರಿಸಬೇಕೆಂದು ಮಾಸ್ತರರಿಗೆ ಅನ್ನಿಸಿತ್ತು.

“ಎರಡು ದಿನ ಕಟ್ಟೀ ಮ್ಯಾಲೆ ಕುಂತಿದ್ನಿರಿ, ಯಾರರ ಕರ್ಯಾಕ ಬರ್ತಾರಂತ,” ಎಂದರು ಪ್ರಹ್ಲಾದ ಮಾಸ್ತರರು. “ನೀವು ಬಂದ್ರಿ.”