ಸ್ಪ್ರಿಂಗ್ ಕತ್ತರಿಸಿದ ಕಾರು

ನಂಬಿದರೆ ನಂಬಿ, ಈ ಕಥೆಗೆ ಒಂದು ನಟ್ಟನ್ನೂ ನಾನು ಸೇರಿಸಿಲ್ಲ. ಬೋಲ್ಟಿನ ಮೇಲೆ ಬೇಕಾದರೆ ಅನುಮಾನಪಡಿ.

ಶಿಕಾರಿಪುರದ ಮನೆಯ ಬಾಗಿಲು ತೆರೆದ ನಾಗಶ್ರೀ ಹೊಸ್ತಿಲಲ್ಲೇ ನಿಂತಳು. ಗೇಟಿನ ಮುಂದೆ ಅದೇ ಪುಟ್ಟ ಕೆಂಪು ಕಾರು. ಸ್ಟೇರಿಂಗ್ ಹಿಂದೆ ಅದೇ ವಸಂತ... ತಿಂಗಳುಗಟ್ಟಲೆ ಮಾತು ಬಿಟ್ಟವನು.

"ಬಸ್ಸಿಗೆ ಹೋಗೋಣ ಅಜ್ಜಿ."

"ಈ ಮಂಡಿ ಇಟ್ಕೊಂಡು ಬಸ್ಸಾ? ನಾನೇ ಕಾರು ಕರೆಸಿದ್ದು, ಹತ್ತು," ಎಂದಳು ಗುಡ್ಡಮ್ಮ.

ಸೊರಬದಲ್ಲಿ ಸೋದರಮಾವ ಪರಮಶಿವಪ್ಪ ಕಾಯುತ್ತಿದ್ದ. ತಂದೆಯಿಲ್ಲದ ಅವಳಿಗೆ ಹಿರಿಯನೆಂದರೆ ಅವನೇ. ಮಧ್ಯಾಹ್ನ ಗಂಡಿನ ಕಡೆಯವರು ಬರುತ್ತಾರೆ. ಇವಳು ಹೂಂ ಎಂದರೆ ಇವತ್ತೇ ತಾಂಬೂಲ. ಬೇಡ ಎನ್ನಲು ಅವಳಿಗಿದ್ದ ಒಂದೇ ಒಂದು ಕಾರಣ, ಮುಂದಿನ ಸೀಟಿನಲ್ಲಿ ಕೂತು, ಕನ್ನಡಿಯಲ್ಲೂ ಇವಳ ಕಡೆ ನೋಡದೆ ಗಾಡಿ ಓಡಿಸುತ್ತಿತ್ತು.

ಮನೆಗೆ ಬಂದು ಹೆಣ್ಣು ಕೇಳುತ್ತೇನೆ ಎಂದಿದ್ದವನು ಅದೇ ವಾರ ಮಾಡಿದ್ದೇನು? ಗಿಡ್ಡನೆಯ ಹೊಸ ಸ್ಪ್ರಿಂಗ್ ಕೊಳ್ಳಲಾಗದೆ, ಚಕ್ರದ ಮೇಲಿದ್ದ ಸ್ಪ್ರಿಂಗನ್ನೇ ಕಬ್ಬಿಣ ಕೊಯ್ಯುವ ಗ್ರೈಂಡರ್‌ನಲ್ಲಿ ಕತ್ತರಿಸಿ ಕಾರನ್ನು ನೆಲದತ್ತ ತಗ್ಗಿಸಿದ್ದ. 'ಶೋಕಿ! ನನಗಿಂತ ಕಾರೇ ಹೆಚ್ಚಾಯಿತೇ...' ಎಂದು ಅವಳು ಅವನ ನಂಬರ್ ಬ್ಲಾಕ್ ಮಾಡಿದ್ದಳು. ಅವನು ಸಮಜಾಯಿಷಿ ಕೊಡಲೂ ಬಂದಿರಲಿಲ್ಲ.

ಗುಂಡಿ ಬಂದಾಗಲೆಲ್ಲ ಬೆನ್ನುಮೂಳೆ ನಡುಗುತ್ತಿತ್ತು. ರಸ್ತೆಗೆ ಅಡ್ಡ ಹಾಕಿದ ಹಂಪು ಬಂದರೆ ಹಿಂದೆ ಕೂತವರು ಇಳಿಯಬೇಕು, ಹಗುರಾದ ಕಾರು ತೆವಳಿ ದಾಟಬೇಕು, ಮತ್ತೆ ಹತ್ತಬೇಕು. ಆ ಕಾರಿನ ಪದ್ಧತಿಯೇ ಹಾಗೆ.

ಶಿರಾಳಕೊಪ್ಪ ದಾಟಿದ ಮೇಲೆ ಕಣ್ಣಿಗೆ ಬೀಳದ ಒಂದು ಹಂಪು. ಕರ್‌ರ್... ಕಾರಿನ ಹೊಟ್ಟೆ ಅದರ ಮೇಲೇ ಕೂತಿತು.

ಗುಡ್ಡಮ್ಮ ನಿಧಾನವಾಗಿ ಇಳಿದು, ಬಾಗಿಲು ಹಾಕಿ, ಹುಣಸೆಮರದ ನೆರಳಿಗೆ ಹೋದಳು. ನಾಗಶ್ರೀ ಅದೇ ಬಾಗಿಲಿನ ಹಿಡಿಕೆ ಎಳೆದಳು. ಅದು ತೆರೆಯಲಿಲ್ಲ. ಇನ್ನೊಂದು ಬದಿಯದು ಮೊದಲಿಂದಲೂ ಕೆಟ್ಟದ್ದೇ.

"ಬಾಗಿಲು ತೆಗೀರಿ."

"ನಾ ಹಾಕಿಲ್ರೀ."

"ಅಲ್ಲಿ ಮಾವ, ಇಲ್ಲಿ ನೀವು. ಎಲ್ಲಾ ಕಡೆನೂ ಮುಚ್ಚಿಬಿಟ್ರಿ ಅಲ್ವಾ?"

ಹಿಂದೆ ಬಸ್ಸೊಂದು ಹಾರ್ನ್ ಒತ್ತತೊಡಗಿತು. ವಸಂತ ಮೊದಲ ಬಾರಿ ತಿರುಗಿ ನೋಡಿದ.

"ಶೋಕಿಗೆ ಕತ್ತರಿಸಿದ್ದಲ್ಲ ರೀ. ಅಜ್ಜಿಗೆ ಕಾರೊಳಗೆ ಕಾಲು ಎತ್ತಿಡೋಕೆ ಆಗ್ತಿರ್ಲಿಲ್ಲ. ಅವ್ರನ್ನ ಎತ್ತಿ ಕೂರಿಸಿ ನೀವು ಸೊಂಟ ಹಿಡ್ಕೊಂಡು ನಿಂತಿದ್ದು ನೋಡ್ದೆ. ತಗ್ಗಿಸಿದ್ರೆ ಸುಲಭ ಆಗುತ್ತೆ ಅಂದ್ಕೊಂಡೆ."

"ಮತ್ಯಾಕೆ ಹೇಳ್ಲಿಲ್ಲ?"

"ಹತ್ತೋದೇನೋ ಸುಲಭ ಆಯ್ತು. ಆದ್ರೆ ಹಂಪು ಹಂಪಿಗೂ ಅವ್ರನ್ನ ಇಳಿಸ್ಬೇಕಾಯ್ತು... ಇಷ್ಟೂ ಯೋಚನೆ ಮಾಡದವನು ಯಾವ ಮುಖ ಇಟ್ಕೊಂಡು ಹೆಣ್ಣು ಕೇಳ್ಲಿ?"

ಅಯ್ಯೋ, ಇವನ ಮೇಲೆಯೇ ಇಷ್ಟು ದಿನ ಮುನಿದಿದ್ದೆನಲ್ಲ... ಅವಳ ಕಣ್ಣು ತುಂಬಿ ಬಂತು.

"ಇದೇ ಮುಖ ಸಾಕು. ಮಾವನ ಮುಂದೆ ಕೇಳ್ತೀರಾ?"

"ಅವ್ರು ಬೈದ್ರೂ ಕೇಳ್ತೀನಿ. ನೀವು ಹೂಂ ಅಂತೀರಾ?"

"ಮೊದ್ಲು ಹೊರಗೆ ಬಿಡಿ. ಆಮೇಲೆ ಹೇಳ್ತೀನಿ."

ಅವನು ಇಳಿದು ಹೊರಗಿನಿಂದ ಎಳೆದ. ಬಾಗಿಲು ಸಲೀಸಾಗಿ ತೆರೆಯಿತು. ಅದರ ಅಂಚಿನಲ್ಲಿದ್ದ ಪುಟ್ಟ ಲಾಕನ್ನು ಯಾರೋ ಕೆಳಗೆ ಒತ್ತಿದ್ದರು. ಇಬ್ಬರೂ ಮರದ ಕಡೆ ನೋಡಿದರು. ಗುಡ್ಡಮ್ಮ ಏನೂ ಅರಿಯದವಳಂತೆ ಎಲೆಗೆ ಸುಣ್ಣ ಹಚ್ಚುತ್ತಿದ್ದಳು.

"ಆ ಲಾಕು, ಸಣ್ಣ ಮಕ್ಕಳು ಒಳಗಿಂದ ಬಾಗಿಲು ತೆಗೀಬಾರ್ದು ಅಂತ ಇಟ್ಟಿರೋದಂತೆ. ನೀವಿಬ್ರೂ ಇನ್ನೇನು?"

ಬಸ್ಸಿನಿಂದ ಇಳಿದು ಬಂದಿದ್ದ ಕಂಡಕ್ಟರ್ ನಕ್ಕ. ವಸಂತನೂ ನಕ್ಕ. ಒಳಗೆ ಸಿಕ್ಕಿಬಿದ್ದಿದ್ದ ನಾಗಶ್ರೀಯ ನಗು ಮಾತ್ರ ಹಾರ್ನನ್ನೂ ಮೀರಿಸಿತು.

"ಇಳೀರಿ," ಎಂದು ಅವನು ಕೈ ಚಾಚಿದ.

"ಹೂಂ," ಎಂದಳು, ನಗುತ್ತಲೇ. "ಇಳಿಯೋಕಲ್ಲ ರೀ. ನೀವು ಕೇಳಿದ್ದಕ್ಕೆ."