ಕಚ್ಚು ಕೆಳಗೆ

ಬಹಳ ಹಿಂದೆ, ಕರೆದರೆ ದೇವರು ಓಗೊಡುತ್ತಿದ್ದ ಕಾಲದಲ್ಲಿ, ಜರಿಪುರವೆಂಬ ಒಂದು ರಾಜ್ಯವಿತ್ತು. ಈಗಲೂ ಓಗೊಡುತ್ತಾನೆ; ಕೇಳಿಸಿಕೊಳ್ಳುವ ಕಿವಿ ನಮಗಿಲ್ಲ, ಅಷ್ಟೇ. ಆ ಊರಿನಲ್ಲಿ ದೇವೀರಮ್ಮ ಎಂಬ ಹೊಲಿಗೆಯವಳಿದ್ದಳು. ಗಂಡ ದಂಡಿನ ಡೇರೆ ಹೊಲಿಯಲು ಗಡಿಗೆ ಹೋಗಿದ್ದ. ಮನೆಯಲ್ಲಿ ಅತ್ತೆ ಸಂಕಮ್ಮ, ಐದು ವರ್ಷದ ಮಗಳು ತುಂಬಿ.

ಒಂದು ಬೆಳಿಗ್ಗೆ ತುಂಬಿ ತುಳಸಿಗೆ ನೀರೆರೆಯುತ್ತಿದ್ದವಳು ಕೂಗಿದಳು.

"ಅವ್ವಾ, ನನ್ನ ನೆರಳೆಲ್ಲಿ?"

ದೇವೀರಮ್ಮ ಬಂದು ನೋಡಿದಳು. ತುಳಸಿಯ ನೆರಳಿತ್ತು. ಮಗುವಿನ ಕೈಯಲ್ಲಿದ್ದ ತಂಬಿಗೆಯ ನೆರಳೂ ನೆಲದ ಮೇಲೆ ಒಂಟಿಯಾಗಿ ಅಲ್ಲಾಡುತ್ತಿತ್ತು. ಮಗುವಿನದು ಮಾತ್ರ ಇರಲಿಲ್ಲ.

ಬೀದಿಗೆ ಓಡಿದರೆ ಅಲ್ಲೂ ಅದೇ ಚೀರಾಟ. ಊರಿನ ಒಂದು ಮಗುವಿಗೂ ನೆರಳಿಲ್ಲ. ರಾಜ ಮುತ್ತರಸನ ಮಗನಿಗೂ ಇಲ್ಲ.

ಮಕ್ಕಳನ್ನೆತ್ತಿಕೊಂಡು ಜನ ಅರಮನೆಗೆ ಓಡಿದರು. ಅಂಗಳದಲ್ಲಿ ಕತ್ತರಿಮೂಗನೆಂಬ ಮಾಯಾವಿ ಒಂದು ಪೆಟ್ಟಿಗೆಯ ಮೇಲೆ ಕೂತಿದ್ದ. ಮುಚ್ಚಳ ಎತ್ತಿ ತೋರಿಸಿದ. ಒಳಗೆ ಮಕ್ಕಳ ನೆರಳುಗಳು, ಸೀರೆಗಳ ಹಾಗೆ ಮಡಿಸಿಟ್ಟಿದ್ದವು!

"ಈ ನೆರಳುಗಳಿಂದ ಕೌದಿ ಹೊಲಿದು ಹೊದ್ದರೆ ನನಗೆ ಸಾವಿಲ್ಲ" ಎಂದು ನಕ್ಕ. "ಹೊತ್ತು ಮುಳುಗಿದರೆ ನಿಮ್ಮ ಮಕ್ಕಳು ಉಪ್ಪಿನ ಹಾಗೆ ಕರಗುತ್ತಾರೆ. ಅಲ್ಲಿಯವರೆಗೆ ನಿಮಗೆ ಅವಕಾಶ ಕೊಡಬೇಕೆಂದು ಮಂತ್ರದ ಕಟ್ಟಳೆ. ಏಯ್ ಒಂಟಿಹಲ್ಲ, ಬಾರೋ!"

ಕಬ್ಬಿಣದ ಮೃಗವೊಂದು ಗಡಗಡನೆ ನಡೆದು ಬಂತು. ಅದು ಜೀವವಿರುವ ಹೊಲಿಗೆಯಂತ್ರ. ಸೂಜಿಯೇ ಅದರ ಒಂದೇ ಹಲ್ಲು. ತಲೆಯ ಮೇಲೆ ಮೂರು ಕೊಂಬು. ಹಣೆಯ ಮೇಲೆ ಕೆತ್ತಿದ ಎರಡೇ ಮಾತು: ಕಚ್ಚು ಕೆಳಗೆ.

"ಮೂರು ಕೊಂಬಿಗೆ ಈ ಮೂರು ದಾರದ ರೀಲು ಸರಿಯಾಗಿ ಕೂರಿಸಿ, ಒಂದೇ ಒಂದು ಮಗುವಿನ ನೆರಳು ಹೊಲಿಯಿರಿ. ಉಳಿದ ನೆರಳು ತಾವಾಗಿಯೇ ಹೋಗಿ ಅಂಟುತ್ತವೆ. ದಾರ ಹರಿದರೆ ಹೊಲಿದವರು ಬಟ್ಟೆಗೊಂಬೆ!"

ಸೇನಾಪತಿ ಮೀಸೆ ತಿರುವಿ ಮುಂದೆ ಬಂದ. ರೀಲನ್ನು ಕೊಂಬಿಗೆ ಸಿಕ್ಕಿಸಿ ಚಕ್ರ ತಿರುಗಿಸಿದ. ದಾರ ಪಟಕ್ಕನೆ ಹರಿಯಿತು. ನಿಂತಲ್ಲೇ ಸೇನಾಪತಿ ಬಟ್ಟೆಗೊಂಬೆಯಾಗಿ ಮಗುಚಿಬಿದ್ದ. ಮೀಸೆ ಮಾತ್ರ ಉಣ್ಣೆಯದು.

ಆಸ್ಥಾನದ ಪಂಡಿತರು ಹಣೆಬರಹ ಓದಿದರು. "ಇದು ಮೃಗಕ್ಕೆ ಕೊಟ್ಟ ಅಪ್ಪಣೆ. ಕೆಳಗಿರುವುದನ್ನು ಕಚ್ಚು ಎಂದರ್ಥ. ಒಂದು ತೊಟ್ಟು ರಕ್ತ ಕೊಟ್ಟರೆ ತಣಿಯುತ್ತದೆ." ಹಲ್ಲಿನ ಕೆಳಗೆ ಬೆರಳಿಟ್ಟರು. ಮೃಗ ಕಚ್ಚಿತು. ಪಂಡಿತರೂ ಗೊಂಬೆಯಾದರು.

ಜನ ಹಿಂದೆ ಸರಿದರು; ಯಾರೂ ಮುಂದೆ ಬರದೆ ಹೊತ್ತು ಇಳಿಯತೊಡಗಿತು. ಸಂಕಮ್ಮ ಮಾತ್ರ ಸೊಸೆಯ ಪಕ್ಕೆ ತಿವಿದಳು.

"ಏನೇ, ಅದು ಕಡಿಯೋ ಕಚ್ಚಲ್ಲ ಕಣೇ! ರೀಲಿನ ಕಚ್ಚು! ಕಚ್ಚು ಕೆಳಗಿರ್ಲಿ ಅಂತ ನಿನಗೆ ದಿನಾ ಬೈತಿರ್ಲಿಲ್ವ?"

ದೇವೀರಮ್ಮನಿಗೆ ಹೊಳೆಯಿತು. ಹೌದಲ್ಲ! ದಾರದ ತುದಿ ಸಿಕ್ಕಿಸಲು ರೀಲಿನ ಅಂಚಿನಲ್ಲೊಂದು ಸೀಳಿರುತ್ತದೆ. ಅದೇ ಕಚ್ಚು. ಅದು ಮೇಲಿದ್ದರೆ ಓಡುವ ದಾರ ಅದಕ್ಕೆ ಸಿಕ್ಕಿ ಹರಿಯುತ್ತದೆ.

"ಸ್ವಾಮೀ, ನನ್ನ ಕೈ ನಿನ್ನದು" ಎಂದು ಮುಗಿದು, ಪೆಟ್ಟಿಗೆಯಿಂದ ತುಂಬಿಯ ನೆರಳು ತೆಗೆದು, ಅವಳನ್ನು ಮೃಗದ ಮುಂದೆ ನಿಲ್ಲಿಸಿದಳು. ಮಗುವಿನ ಕಾಲು ಆಗಲೇ ಗಾಜಿನಂತಾಗಿತ್ತು. ಆಚೆಯ ಕಲ್ಲು ಕಾಣುತ್ತಿತ್ತು.

ಮೊದಲನೆಯದು ಬಿಳಿ ರೀಲು. ಕಚ್ಚು ಕೆಳಗೆ ಮಾಡಿ ಕೂರಿಸಿದಳು. ಚಕ್ರ ತಿರುಗಿತು, ನೆರಳು ಹಿಮ್ಮಡಿಗೆ ಅಂಟಿತು.

ಎರಡನೆಯದು ಕೆಂಪು ರೀಲು. ಕಚ್ಚು ಕೆಳಗೇ ಇತ್ತು, ಆದರೂ ದಾರ ಬಿಗಿದು ಕಿರುಗುಟ್ಟಿತು.

"ಎಡಸುತ್ತು ಬರ್ತಿದೆ, ನಿಲ್ಲಿಸೇ!" ಎಂದಳು ಅತ್ತೆ. "ಗುಡಿ ಸುತ್ತೋದು ಹೇಗೆ? ರೀಲೂ ಹಾಗೇ, ಬಲಸುತ್ತು!"

ದೇವೀರಮ್ಮ ದಾರವನ್ನು ಆಚೆ ಬದಿಯಿಂದ ಎಳೆದುಕೊಂಡಳು. ರೀಲು ಪ್ರದಕ್ಷಿಣೆ ಬಂತು. ನೆರಳು ಸೊಂಟದವರೆಗೆ ಏರಿತು.

ಮೂರನೆಯದು ಕಪ್ಪು ರೀಲು. ಕೈಗೆತ್ತಿಕೊಂಡವಳು ಹೌಹಾರಿದಳು.

"ಅತ್ತೇ, ಇದಕ್ಕೆ ಎರಡೂ ಕಡೆ ಕಚ್ಚಿದೆ!"

ಸಂಕಮ್ಮ ರೀಲನ್ನು ಇಸಿದುಕೊಂಡು ತಿರುಗಿಸಿ ತಿರುಗಿಸಿ ನೋಡಿದಳು. ಕತ್ತರಿಮೂಗ ತೊಡೆ ತಟ್ಟಿ ನಕ್ಕ. ಸೂರ್ಯ ಗೋಡೆಯ ಅಂಚಿಗೆ ಇಳಿದಿದ್ದ. ಮೇಲಿನ ಕಚ್ಚು ಮುಚ್ಚಲು ಏನಾದರೂ ಬೇಕು, ಏನೂ ಇಲ್ಲ. ದೇವೀರಮ್ಮ ಕಣ್ಮುಚ್ಚಿ ಕೈಜೋಡಿಸಿದಳು. ಜೋಡಿಸಿದ ಕೈ ಹಣೆಗೆ ತಾಗಿತು. ಬೆರಳಿಗೆ ಅಂಟಂಟು.

ಮೇಣ! ಕುಂಕುಮ ನಿಲ್ಲಲೆಂದು ಅದರ ಕೆಳಗೆ ಹಚ್ಚಿದ ಜೇನುಮೇಣ.

ಅವಳು ಉಗುರಿನಿಂದ ಹಣೆಯನ್ನು ಕೆರೆದಳು. ಜನ "ಹಾ!" ಎಂದರು. ರಾಣಿ ಮುಖ ಮುಚ್ಚಿಕೊಂಡಳು.

"ಅಯ್ಯಯ್ಯೋ, ನನ್ನ ಮಗ ಬದುಕಿದಾನೆ ಕಣೇ ಪಾಪಿ!" ಎಂದು ಸಂಕಮ್ಮ ಬಾಯಿ ಬಡಿದುಕೊಂಡಳು.

"ಅವರನ್ನ ದೇವರು ಕಾಯ್ತಾನೆ ಅತ್ತೆ. ಮಗೂನ ನಾನು ಕಾಯಬೇಕು."

ಬೋಳು ಹಣೆಯ ದೇವೀರಮ್ಮ ಆ ಕೆಂಪು ಮೇಣವನ್ನು ಕಚ್ಚಿಗೆ ತುಂಬಿ ನುಣ್ಣಗೆ ಸವರಿ ರೀಲು ಕೂರಿಸಿದಳು. ದಾರ ಹಾಲಿನ ಧಾರೆಯಂತೆ ಇಳಿಯಿತು. ನೆರಳು ಹೆಗಲು ದಾಟಿತು, ಕತ್ತು ದಾಟಿತು.

ಕತ್ತರಿಮೂಗ ಹಾರಿ ಬಂದು ದಾರ ಕೀಳಲು ಹಲ್ಲಿನ ಕೆಳಗೆ ಕೈ ಚಾಚಿದ. ಕೋಪದಲ್ಲಿ ಮೃಗಕ್ಕೆ ಕಿರುಚಿದ.

"ಅವಳನ್ನು ಕಚ್ಚೋ! ಕಚ್ಚು!"

ಒಂಟಿಹಲ್ಲ ಒಡೆಯನ ಮಾತು ಮೀರಿದ್ದಲ್ಲ. ಕೆಳಗಿದ್ದದ್ದನ್ನು ಕಚ್ಚಿತು.

ಕತ್ತರಿಮೂಗ ಸೂಜಿ ಚುಚ್ಚಿಡುವ ಬಟ್ಟೆಗೊಂಬೆಯಾಗಿ ಉರುಳಿದ. ಚಕ್ರ ಇನ್ನೊಂದು ಸುತ್ತು ತಿರುಗಿ ತುಂಬಿಯ ನೆರಳು ನೆತ್ತಿ ಮುಟ್ಟಿತು. ಪೆಟ್ಟಿಗೆಯ ನೆರಳುಗಳೆಲ್ಲ ಹಕ್ಕಿಗಳಂತೆ ಹಾರಿ ತಮ್ಮ ತಮ್ಮ ಮಕ್ಕಳ ಕಾಲಿಗೆ ಬಂದು ಕೂತವು. ಸೇನಾಪತಿಯೂ ಪಂಡಿತರೂ ಎದ್ದು ಕೂತರು. ಮೀಸೆ ಇನ್ನೂ ಉಣ್ಣೆಯದೇ ಇದೆಯೇನೋ ಎಂದು ಸೇನಾಪತಿ ಮುಟ್ಟಿ ಮುಟ್ಟಿ ನೋಡಿಕೊಂಡ.

ಗಡಿಯಿಂದ ಗಂಡ ಸುಖವಾಗಿ ಮರಳಿದ. ಒಂಟಿಹಲ್ಲ ಸಾಧುವಾಗಿ ದೇವೀರಮ್ಮನ ಜಗುಲಿಯಲ್ಲಿ ನೆಲೆಸಿ, ಬಡಮಕ್ಕಳಿಗೆ ಅಂಗಿ ಹೊಲಿಯಿತು. ಜರಿಪುರದವರು ಉಂಡು ಉಟ್ಟು ದೇವರ ನೆನೆದು ತಣ್ಣಗಿದ್ದರು.

ಆದರೆ ಆ ಸಂಜೆಯ ಇನ್ನೊಂದು ಮಾತಿದೆ. ಸಂಕಮ್ಮ ಅಳುತ್ತಲೇ ಗುಡಿಯ ಕುಂಕುಮ ತಂದಳು. ತುಂಬಿ ಅದನ್ನು ಅವ್ವನ ಹಣೆಗಿಟ್ಟಳು. ನೆಲದ ಮೇಲೆ ಪುಟ್ಟ ನೆರಳೂ ಕೈಯೆತ್ತಿ ದೊಡ್ಡ ನೆರಳಿನ ಹಣೆಗಿಟ್ಟಿತು. ನೋಡಿದವರು ದಂಗಾಗಿ ಕೈಮುಗಿದರು. ಕಪ್ಪು ನೆರಳಿನ ಹಣೆಯ ಮೇಲೂ ಆ ಬೊಟ್ಟು ಕೆಂಪಗೇ ಇತ್ತು.