ಕೊರಳಿನ ಹಲಗೆ

ಸೈದಪ್ಪನಿಗೆ ಇಂಗ್ಲಿಷ್ ಬರುತ್ತಿರಲಿಲ್ಲ. 1989ರ ಒಂದು ಬೆಳಿಗ್ಗೆ ಅಫಜಲಪುರದ ಅಂಚಿನ ಇಂಗ್ಲಿಷ್ ವಸತಿ ಶಾಲೆಯ ಬಾವಿಯಲ್ಲಿ ಅವನ ಹೆಣ ಸಿಕ್ಕಿತು. ಪಂಪಿನ ಪೈಪಿಗೆ ಸಿಕ್ಕಿಕೊಂಡಿತ್ತು.

ವಾಚ್‌ಮನ್ ಹುಸೇನಸಾಬ ಇಳಿದು ಎತ್ತಿದ. ತನ್ನ ಚಾದರ ಹೊದಿಸಿದ. ಸಬ್ ಇನ್ಸ್‌ಪೆಕ್ಟರ್ ಬುರಾನುದ್ದೀನ ಚಾದರ ಸರಿಸಿದರು. ಹುಡುಗನ ಕೊರಳಲ್ಲಿ ದಾರ, ದಾರದಲ್ಲಿ ಅಂಗೈಯಗಲದ ಮರದ ಹಲಗೆ. ಅದರ ಮೇಲೆ ‘ನಾನು ಕತ್ತೆ’ ಎಂದು ಇಂಗ್ಲಿಷಿನಲ್ಲಿ ಬರೆದಿತ್ತು. ಅವರು ದಾರ ಕತ್ತರಿಸಿ ಹಲಗೆಯನ್ನು ಚೀಲದಲ್ಲಿಟ್ಟುಕೊಂಡರು.

ವರಾಂಡದಲ್ಲಿ ಮಕ್ಕಳು ಸಾಲಾಗಿ ನಿಂತಿದ್ದರು. ಒಬ್ಬರೂ ಅಳುತ್ತಿರಲಿಲ್ಲ.

“ಏನಾತೋ ತಮ್ಮಾ?” ಬುರಾನುದ್ದೀನರು ಕೇಳಿದರು.

ಮಕ್ಕಳು ವಾರ್ಡನ್ ಗುರಣ್ಣನ ಬೆತ್ತದ ಕಡೆ ನೋಡಿದರು.

ಗುರಣ್ಣ ದೂರದಲ್ಲೇ ನಿಂತಿದ್ದ. ಹೆಣದ ಹತ್ತಿರ ಬಂದಿರಲಿಲ್ಲ.

“ನಿನ್ನಿ ಸಂಜೀಕ ಪ್ರೇಯರ್‌ದಾಗ ಇದ್ದನ್ರಿ. ಊಟಾ ಮಾಡಿ ಮಲಗ್ಯಾನ. ನಾನ ತಲಿ ಎಣಿಸೇನಿ,” ಎಂದ. ದನಿ ತಗ್ಗಿಸಿದ. “ಹುಸೇನಸಾಬಗ ಕೇಳ್ರಿ. ಮೊನ್ನಿ ಪೇರಲ ಹಣ್ಣ ಕದ್ದಾನಂತ ಆ ಹುಡುಗಗ ಬಾವ್ಯಾಗ ಒಗಿತೇನಿ ಅಂದಿದ್ದ. ಅವನ ಲುಂಗಿ ನೋಡ್ರಿ, ತೊಯ್ದದ.”

“ಹೆಣ ಎತ್ತಿದವನ ಲುಂಗಿ ಒಣಗಿರ್ತದೇನಲೇ?” ಹುಸೇನಸಾಬ ಕಿರುಚಿದ. ಆದರೆ ಒಗೆಯುತ್ತೇನೆ ಅಂದದ್ದು ಸುಳ್ಳಲ್ಲ. ಕಾನ್‌ಸ್ಟೇಬಲ್ ಅವನನ್ನು ಜೀಪಿಗೆ ಹತ್ತಿಸಿದ.

* * *

ಹೆಡ್‌ಮಾಸ್ಟರ್ ದೌಲತರಾಯರು ಚಹಾ ತರಿಸಿದರು.

“ಆ ಹಲಗಿ ಏನ್ರಿ?”

“ಕನ್ನಡ ಆಡಿದವರ ಕೊರಳಿಗೆ ಹಾಕ್ತೇವ್ರಿ. ಇನ್ನೊಬ್ಬ ಆಡಿದಾಗ ಅವನಿಗೆ ಹೋಗ್ತದ. ಮನಿ ಮಾತು ಬಾಯಾಗ ಇರೂತನಕ ಇಂಗ್ಲಿಷ್ ಒಳಗ ಬರಂಗಿಲ್ಲ ನೋಡ್ರಿ. ಸಂಜೀ ಪ್ರೇಯರಿಗಿಂತ ಮೊದಲ ವಾರ್ಡನ್ ವಾಪಸ್ ತೊಗೊಂಡು ತನ್ನ ಖೋಲ್ಯಾಗ ಇಟ್ಟು ಕೀಲಿ ಹಾಕ್ತಾನ. ಒಂದಿನಾನೂ ತಪ್ಪಿಲ್ಲ.” ಅವರ ಮುಖ ಅರಳಿತು. “ನಿನ್ನಿ ಪ್ರೇಯರಿಗೆ ಮೊದಲ ಸರಸಂಬಾದ ಹುಡುಗ ಬೀರಲಿಂಗಪ್ಪ ಬಂದಿದ್ದ. ‘ಮೇ ಐ ಕಮ್ ಇನ್ ಸರ್’ ಅಂದ. ಇಂಗ್ಲಿಷಿನಾಗ ಏನು ಬೇಕಂದೆ. ಸುಮ್ಮನ ನಿಂತ. ‘ಥ್ಯಾಂಕ್ ಯು ಸರ್’ ಅಂದು ಹೋದ. ಏನ್ ಶಿಸ್ತು!”

ಬುರಾನುದ್ದೀನರು ಚಹಾ ಬಿಟ್ಟೆದ್ದು ವರಾಂಡಕ್ಕೆ ನಡೆದರು; ದೌಲತರಾಯರೂ ಹಿಂದೆಯೇ ಬಂದರು.

* * *

“ಗುರಣ್ಣ, ನಿನ್ನಿ ಹಲಗಿ ವಾಪಸ್ ತೊಗೊಂಡ್ರಿ?”

“ಹೌದ್ರಿ.”

“ಖೋಲಿ ಕೀಲಿ?”

“ನನ್ನ ಕಡೀನೇ ಅದ್ರಿ.”

ಬುರಾನುದ್ದೀನರು ಚೀಲದಿಂದ ಹಲಗೆ ತೆಗೆದರು. ಅದಿನ್ನೂ ಹಸಿ.

“ಇದು ಹುಡುಗನ ಕೊರಳಾಗಿತ್ತು. ಅಂದ್ರ ಪ್ರೇಯರ್ ಹೊತ್ತಿಗೆ ಅವ ಬಾವ್ಯಾಗಿದ್ದ. ನೀವು ಎಣಿಸಿದ್ದು ಯಾರ ತಲಿ?”

ಗುರಣ್ಣ ಬೆತ್ತವನ್ನು ಮಕ್ಕಳತ್ತ ತಿರುಗಿಸಿದ. “ಕೇಳ್ರಿ ಇವರಿಗೆ!”

ಮಕ್ಕಳು ಗೋಡೆಗೆ ಒತ್ತಿಕೊಂಡರು. ಒಬ್ಬ ಹುಡುಗನ ಚಡ್ಡಿ ಒದ್ದೆಯಾಯಿತು.

ಬುರಾನುದ್ದೀನರು ಆ ಬೆತ್ತ ಕಿತ್ತುಕೊಂಡರು. ಹಲಗೆಯ ದಾರಕ್ಕೆ ಗಂಟು ಹಾಕಿ ತಮ್ಮ ಕೊರಳಿಗೇ ಹಾಕಿಕೊಂಡರು. ಖಾಕಿ ಅಂಗಿಯ ಮೇಲೆ ಅದು ತೂಗಿತು.

“ನಮ್ಮವ್ವನ ಮಾತು ಉರ್ದು. ಕನ್ನಡ ನಾ ಓಣಿ ಹುಡುಗರ ಕೂಡ ಗೋಲಿ ಆಡಿ ಕಲ್ತೆ. ಉರ್ದು ಆಡಿದ್ರ ಅವರು ನಗತಿದ್ರು, ಹೊಡೀತಿರಲಿಲ್ಲ. ಇನ್ನ ಈ ಹಲಗಿ ನಂದು. ಯಾರಿಗೂ ಕೊಡಂಗಿಲ್ಲ. ಮಾತಾಡ್ರಿ.”

ಬೀರಲಿಂಗಪ್ಪ ಹಲಗೆಯನ್ನೇ ನೋಡುತ್ತ ಬಾಯಿ ಬಿಟ್ಟ.

“ಹಲಗಿ ಇದ್ದಾಂವ ಬಾವಿ ಕಟ್ಟಿ ಮ್ಯಾಲ ನಿಂತು ಪಾಠ ಒಪ್ಪಸಬೇಕ್ರಿ. ಸೈದಪ್ಪಗ ಬರಲಿಲ್ಲ. ಅಂಜಿ ‘ಯವ್ವಾ’ ಅಂದ. ಮತ್ತ ಕನ್ನಡ ಅಂತ ವಾರ್ಡನ್ ಸರ್ ಬೆತ್ತ ಎತ್ತಿದ್ರು. ಅವ ಹಿಂದ ಸರದ. ಬಿದ್ದ.”

“ಆಮ್ಯಾಲ?”

“ಬಾಯಿ ಬಿಟ್ರ ನಿಮ್ಮನ್ನೂ ನಿಲ್ಲಸ್ತೇನಿ ಅಂದ್ರು. ಎಲ್ಲಾರನೂ ಪ್ರೇಯರಿಗೆ ಹೊಡಕೊಂಡು ಹೋದ್ರು. ನಾ ತಪ್ಪಿಸಿಕೊಂಡು ಹೆಡ್‌ಮಾಸ್ಟರ್ ಸರ್ ಕಡೆ ಓಡಿದೆ. ಕನ್ನಡದಾಗ ಹೇಳಿದ್ರ ಹಲಗಿ. ಇಂಗ್ಲಿಷಿನಾಗ ನನಗ ಎರಡ ಮಾತು ಬರತಿದ್ವು. ಎರಡೂ ಅಂದೆ.”

ದೌಲತರಾಯರು ಕಂಬ ಹಿಡಿದುಕೊಂಡರು.

“ಹೊಳ್ಳಿ ಬಂದಾಗ ಸೈದಪ್ಪ ಪೈಪ್ ಹಿಡಕೊಂಡಿದ್ದನ್ರಿ. ನನ್ನ ನೋಡಿದ. ಅಷ್ಟರಾಗ ಪ್ರೇಯರ್ ಗಂಟಿ ಹೊಡೀತು. ಅಂಜಿ ಪ್ರೇಯರಿಗೆ ಓಡಿದೆ.”

ಗುರಣ್ಣ ಗೇಟಿನತ್ತ ಓಡಿದ. ಕಾನ್‌ಸ್ಟೇಬಲ್ ಹಿಡಿದ. ಜೀಪಿನಿಂದ ಹುಸೇನಸಾಬ ಇಳಿದ, ಗುರಣ್ಣ ಹತ್ತಿದ.

ಮಧ್ಯಾಹ್ನ ನೆಲೋಗಿಯಿಂದ ಸೈದಪ್ಪನ ತಾಯಿ ಬಂದಳು. ಪಂಚನಾಮೆ ಮುಗಿದಿತ್ತು. ಹೋದದ್ದು ಒಂದು ಜೀವ. ವಯಸ್ಸು ಒಂಬತ್ತು.